ಜೊತೆಯಲ್ಲಿ ನಡೆಯುವವರು: ವಿಪತ್ತಿನ ನಂತರ ಮನಸ್ಸಿನ ಆರೈಕೆ



ಸೆಪ್ಟೆಂಬರ್ 29ರಂದು ನಾವು ಮಹಾದೂತರಾದ ಮಿಕಾಯೇಲ, ಗಬ್ರಿಯೇಲ ಮತ್ತು ರಫಾಯೇಲರ ಹಬ್ಬವನ್ನು ಆಚರಿಸುತ್ತೇವೆ. ಮಿಕಾಯೇಲನೆಂದರೆ ಕತ್ತಿ ಹಿಡಿದ ಚಿತ್ರ ಕಣ್ಣ ಮುಂದೆ ಬರುತ್ತದೆ. ಗಬ್ರಿಯೇಲನೆಂದರೆ ಮಾತೆ ಮರಿಯಳಿಗೆ ತಂದ ಶುಭವಾರ್ತೆ. ರಫಾಯೇಲನ ವಿಷಯ ಮಾತ್ರ ನಮ್ಮ ಪ್ರಬೋಧನೆಗಳಲ್ಲಿ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆದರೆ ಹುಮನಾಬಾದ್, ಬಸವಕಲ್ಯಾಣದ ಕಡೆಯವರಾದ ನಮಗೆ ಈ ಹಬ್ಬ ಬಂದಾಗ ಮೊದಲು ನೆನಪಾಗುವವನು ರಫಾಯೇಲನೇ. 'ದೇವರು ಗುಣಪಡಿಸುತ್ತಾರೆ' ಎಂಬುದು ಆ ಹೆಸರಿನ ಅರ್ಥ. 1993ರಲ್ಲಿ ಈ ಹಬ್ಬದ ದಿನ ಕಳೆದು ಬೆಳಕು ಹರಿಯುವುದರೊಳಗೆ ನಮ್ಮ ಪಕ್ಕದಲ್ಲೇ ಸಾವಿರಾರು ಜನ ಕಲ್ಲುಮಣ್ಣಿನ ಅಡಿ ಸೇರಿದ್ದರು.

ನಾವಾಗ ಎಂಟನೆಯ ತರಗತಿಯಲ್ಲಿದ್ದೆವು. ಅದು ನಸುಕಿನ 3 ಗಂಟೆ 56 ನಿಮಿಷ ಎಂದು ನಂತರ ಪತ್ರಿಕೆಗಳಿಂದ ತಿಳಿಯಿತು. ಆ ಕ್ಷಣದಲ್ಲಿ ನಮಗೆ ಗೊತ್ತಾದದ್ದು ಇಷ್ಟೇ: ಮಂಚ ತಾನಾಗಿಯೇ ಸರಿಯುತ್ತಿತ್ತು, ಮಾಡದಲ್ಲಿಟ್ಟಿದ್ದ ಚೆಂಬು ಉರುಳಿಬಿತ್ತು, ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಅಜ್ಜಿ ನಮ್ಮನ್ನು ಎಳೆದುಕೊಂಡು ಹೊರಗೆ ಬಂದರು. ಬೆಳಗಿನವರೆಗೆ ಇಡೀ ಓಣಿ ರಸ್ತೆಯಲ್ಲೇ ಕುಳಿತಿತ್ತು. ನಮ್ಮ ಮನೆ ಬೀಳಲಿಲ್ಲ. ಬಿದ್ದದ್ದು ಕಿಲ್ಲಾರಿ. ಬಸವಕಲ್ಯಾಣದಿಂದ ಕಿಲ್ಲಾರಿ ನೇರ ರೇಖೆಯಲ್ಲಿ ಐವತ್ತು ಕಿಲೋಮೀಟರಿನ ಒಳಗೇ ಇದೆ, ಹುಮನಾಬಾದಿನಿಂದ ಎಪ್ಪತ್ತರ ಒಳಗೆ.

ಸುಮಾರು 6.2 ಪ್ರಮಾಣದ ಭೂಕಂಪ ಅದು. ಜಗತ್ತಿನ ದೊಡ್ಡ ಭೂಕಂಪಗಳ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದೇ. ಆದರೆ ಅದು ನೆಲದ ಮೇಲ್ಭಾಗಕ್ಕೆ ತೀರ ಸಮೀಪದಲ್ಲಿ ಆಯಿತು. ಮೇಲಾಗಿ ನಮ್ಮ ಭಾಗದ ಹಳೆಯ ಮನೆಗಳು ಹೇಗಿರುತ್ತವೆ ಎಂಬುದು ನಮಗೆಲ್ಲ ಗೊತ್ತಿದೆ: ಗುಂಡು ಕಲ್ಲುಗಳನ್ನು ಕೆಸರಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮೊಣಕಾಲೆತ್ತರದ ಮಣ್ಣು. ಬೇಸಿಗೆಯಲ್ಲಿ ತಂಪು ಕೊಡುವ ಆ ಮಾಳಿಗೆಯೇ ಆ ರಾತ್ರಿ ಸಮಾಧಿಯಾಯಿತು. ಗಣೇಶ ವಿಸರ್ಜನೆ ಮುಗಿಸಿ ದಣಿದು ಮಲಗಿದ್ದ ಜನ. ಸತ್ತವರು ಎಂಟು ಸಾವಿರ ಎಂದು ಕೆಲವು ಲೆಕ್ಕ, ಹತ್ತು ಸಾವಿರದ ಹತ್ತಿರ ಎಂದು ಮತ್ತೆ ಕೆಲವು. ಲಾತೂರು ಮತ್ತು ಉಸ್ಮಾನಾಬಾದ್ (2023ರಿಂದ ಧಾರಾಶಿವ್) ಜಿಲ್ಲೆಗಳ 52 ಹಳ್ಳಿಗಳನ್ನು ಹಳೆಯ ಜಾಗದಿಂದ ಎಬ್ಬಿಸಿ ಬೇರೆಡೆ ಕಟ್ಟಬೇಕಾಯಿತು.

ಅವರು ಬೇರೆ ರಾಜ್ಯದವರು ಎಂದು ನಾವು ಅಂದುಕೊಳ್ಳುವ ಹಾಗಿಲ್ಲ. 1956ಕ್ಕೆ ಮೊದಲು ನಿಲಂಗಾ, ಉದಗೀರ ತಾಲ್ಲೂಕುಗಳು ನಮ್ಮ ಬೀದರ್ ಜಿಲ್ಲೆಯಲ್ಲೇ ಇದ್ದವು. ಉಮರ್ಗಾದ ಸಂತೆಯಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ, ಬಸವಕಲ್ಯಾಣದ ಸಂತೆಯಲ್ಲಿ ಮರಾಠಿ ಕೇಳಿಸುತ್ತದೆ. ಆ ಕಡೆಗೆ ಹೆಣ್ಣು ಕೊಟ್ಟವರಿದ್ದಾರೆ, ಆ ಕಡೆಯಿಂದ ತಂದವರಿದ್ದಾರೆ. ಆ ದಿನ ಸೊಲ್ಲಾಪುರ ರಸ್ತೆಯಲ್ಲಿ ರೊಟ್ಟಿ ಗಂಟು, ಹಳೆಯ ಬಟ್ಟೆ, ನೀರಿನ ಕೊಡಗಳನ್ನು ಹೊತ್ತ ಲಾರಿಗಳು ಸಾಲಾಗಿ ಹೋದವು. ಅನ್ನ, ಬಟ್ಟೆ, ಔಷಧ, ಡೇರೆ ಇವೆಲ್ಲವೂ ಬೇಕು, ಬೇಗ ಬೇಕು. ಇದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದಿಲ್ಲ. ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಲಾರಿಗಳು ಹಿಂದಿರುಗಿದ ನಂತರದ ವಿಷಯ.

ನಿಲ್ಲದ ನಡುಕ

ನೆಲದ ನಡುಕ ಒಂದು ನಿಮಿಷದೊಳಗೆ ನಿಂತಿತು. ಜನರ ಒಳಗಿನ ನಡುಕ ನಿಲ್ಲಲಿಲ್ಲ. ಭೂಕಂಪದ ಕೆಲವೇ ವಾರಗಳ ನಂತರ ದೆಹಲಿಯ ಎ.ಐ.ಐ.ಎಂ.ಎಸ್. ಸಂಸ್ಥೆಯ ಮನೋವೈದ್ಯರು ಬದುಕುಳಿದ ಕೆಲವು ಡಜನ್ ಜನರನ್ನು ಮಾತನಾಡಿಸಿ ಪರೀಕ್ಷಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವೈದ್ಯರು ಕಾಯಿಲೆ ಎಂದು ಹೆಸರಿಸಬಹುದಾದಷ್ಟು ಮಾನಸಿಕ ತೊಂದರೆ ಇತ್ತು. ಆಘಾತದ ನಂತರದ ಬೇಗುದಿ ಮತ್ತು ಖಿನ್ನತೆ ಅವುಗಳಲ್ಲಿ ಮುಖ್ಯವಾದವು. ಸಣ್ಣ ಸಂಖ್ಯೆಯ ಅಧ್ಯಯನವಾದ್ದರಿಂದ ಅದನ್ನು ಇಡೀ ಪ್ರದೇಶಕ್ಕೆ ಅಳತೆಗೋಲಾಗಿ ಹಿಡಿಯಬಾರದು. ಆದರೂ ಡೇರೆಯಿಂದ ಡೇರೆಗೆ ಹೋದವರೆಲ್ಲ ಕಂಡದ್ದು ಅದನ್ನೇ.

ನಮ್ಮ ಜನ 'ಮಾನಸಿಕ ಆಘಾತ' ಎಂಬ ಮಾತನ್ನು ಬಳಸುವುದಿಲ್ಲ. 'ಅಂಜಿಕಿ ಹೊಕ್ಕದ' ಎನ್ನುತ್ತಾರೆ. 'ಜೀವ ಒಂದ್ ಕಡೆ ನಿಂದ್ರವಲ್ದು' ಎನ್ನುತ್ತಾರೆ. ಎದೆ ಝಲ್ಲೆನ್ನುತ್ತದೆ, ಕೈಕಾಲಿನ ಶಕ್ತಿ ಹೋಗಿದೆ, ಊಟ ಸೇರುತ್ತಿಲ್ಲ, ತಲೆ ಭಾರ. ಈ ದೂರುಗಳನ್ನು ಹೊತ್ತು ಅವರು ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಟಾನಿಕ್ ಬಾಟಲಿ ಸಿಗುತ್ತದೆ. ಮಕ್ಕಳಾದರೆ ಬಿಟ್ಟುಹೋಗಿದ್ದ ಅಭ್ಯಾಸ ಮರಳಿ ಹಾಸಿಗೆಯಲ್ಲಿ ಮೂತ್ರ ಮಾಡುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ, 'ಭೂಕಂಪ ಭೂಕಂಪ' ಎಂದೇ ಆಟವಾಡುತ್ತಾರೆ. ದೊಡ್ಡವರು ಗದರಿಸುತ್ತಾರೆ. ಗದರಿಸಬೇಕಾದದ್ದೇನೂ ಇಲ್ಲ, ಮಗುವಿನ ಮನಸ್ಸು ಆದದ್ದನ್ನು ಆಟದ ಮೂಲಕ ಅರಗಿಸಿಕೊಳ್ಳುತ್ತಿದೆ. ಲಾರಿ ಸದ್ದು ಮಾಡಿದರೆ ಬೆಚ್ಚುವುದು, ಕಣ್ಣು ಮುಚ್ಚಿದರೆ ಅದೇ ದೃಶ್ಯ ಕಾಣುವುದು, ಗಟ್ಟಿ ಮನೆಯೊಳಗೆ ಮಲಗಲು ಒಪ್ಪದೆ ತಗಡಿನ ಶೆಡ್ಡಿನಲ್ಲೇ ಇರುವುದು, ಇವೆಲ್ಲ ಹುಚ್ಚಿನ ಲಕ್ಷಣಗಳಲ್ಲ. ಅಸಾಮಾನ್ಯ ಘಟನೆಗೆ ಸಾಮಾನ್ಯ ಮನುಷ್ಯನ ಸಹಜ ಪ್ರತಿಕ್ರಿಯೆ ಇದು. ಈ ಒಂದು ಮಾತನ್ನು ಸರಳವಾಗಿ ತಿಳಿಸಿ ಹೇಳುವುದೇ ಸ್ವಯಂಸೇವಕನ ಮೊದಲ ಕೆಲಸ. 'ನನಗೊಬ್ಬಳಿಗೇ ಹೀಗಾಗ್ತಿದೆ, ನನ್ನ ತಲೆ ಕೆಟ್ಟಿದೆ' ಎಂದು ಒಳಗೊಳಗೇ ಹೆದರಿದವಳಿಗೆ ಅದರಿಂದ ಅರ್ಧ ಭಾರ ಇಳಿಯುತ್ತದೆ. ಹೆಚ್ಚಿನವರಲ್ಲಿ ಈ ಲಕ್ಷಣಗಳು ವಾರಗಳು, ತಿಂಗಳುಗಳು ಕಳೆದಂತೆ ತಾವಾಗಿಯೇ ತಗ್ಗುತ್ತವೆ. ಸುತ್ತ ಜನ ಇರಬೇಕು, ನಾಳೆ ಏನೆಂಬುದು ಸ್ವಲ್ಪವಾದರೂ ಗೊತ್ತಿರಬೇಕು, ಅಷ್ಟೇ.

ಇನ್ನೊಂದು ವಿಷಯ ಗುರುಗಳಾದ ನಮ್ಮನ್ನು ವಿಶೇಷವಾಗಿ ತಟ್ಟುತ್ತದೆ. ಕಿಲ್ಲಾರಿಯಲ್ಲಿ, ಸಾಸ್ತೂರಿನಲ್ಲಿ ಶವಗಳನ್ನು ಸಾಮೂಹಿಕವಾಗಿ ಸುಡಬೇಕಾಯಿತು. ಬೇರೆ ದಾರಿ ಇರಲಿಲ್ಲ. ಆದರೆ ತನ್ನವರ ಮುಖಕ್ಕೆ ಕಡೆಯ ಬಾರಿ ನೀರು ಹಾಕಲಿಲ್ಲ, ಮಣ್ಣು ಹಾಕಲಿಲ್ಲ, ಎಲ್ಲಿ ಸುಟ್ಟರೆಂಬುದೂ ತಿಳಿಯಲಿಲ್ಲ ಎಂಬ ನೋವು ಎಷ್ಟು ವರ್ಷ ಉಳಿಯುತ್ತದೆ! ಸಕಲ ಮೃತರ ದಿನದಂದು ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವ ನಾವು ಇದನ್ನು ಬೇಗ ಅರ್ಥಮಾಡಿಕೊಳ್ಳಬೇಕು. ಅವರವರ ಪದ್ಧತಿಯಂತೆ, ತಡವಾಗಿಯಾದರೂ, ಒಂದು ವಿಧಿ ನೆರವೇರಲು ಸಹಾಯ ಮಾಡುವುದೂ ಮನಸ್ಸಿನ ಚಿಕಿತ್ಸೆಯೇ. ಅಲ್ಲಿ ನಮ್ಮ ಪ್ರಾರ್ಥನೆಯನ್ನು ಅವರ ಮೇಲೆ ಹೇರಲು ಹೋಗಬಾರದು ಎಂಬುದನ್ನೂ ಸೇರಿಸಿ ಹೇಳುತ್ತೇವೆ.

ನಾವು ಮಾಡಿದ ತಪ್ಪು

2009ರ ಸೆಪ್ಟೆಂಬರ್ ಕೊನೆ. ಮತ್ತೆ ಇದೇ ಹಬ್ಬದ ದಿನಗಳು. ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ಕೃಷ್ಣಾ, ಭೀಮಾ, ತುಂಗಭದ್ರಾ, ಮಲಪ್ರಭಾ ಎಲ್ಲವೂ ಉಕ್ಕಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮನೆಗಳು ಕುಸಿದವು. ನಾವಾಗ ಗುರುದೀಕ್ಷೆ ಪಡೆದು ಹೆಚ್ಚು ದಿನವಾಗಿರಲಿಲ್ಲ. ಗುರುಮಠದಲ್ಲಿ ಆಪ್ತಸಮಾಲೋಚನೆಯ ಒಂದು ವಿಷಯವನ್ನು ಓದಿದ್ದೆವು, ಒಳ್ಳೆಯ ಅಂಕಗಳೂ ಬಂದಿದ್ದವು. ಕೆಲವು ಯುವಕರನ್ನು ಕರೆದುಕೊಂಡು, ವ್ಯಾನಿನಲ್ಲಿ ಅಕ್ಕಿ ಚೀಲ, ಹೊದಿಕೆ ತುಂಬಿಕೊಂಡು ಭೀಮಾ ತೀರದ ಒಂದು ಶಾಲೆಯಲ್ಲಿದ್ದ ಗಂಜಿ ಕೇಂದ್ರಕ್ಕೆ ಹೋದೆವು.

ಅಲ್ಲಿ ಒಬ್ಬ ವಯಸ್ಸಾದ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು, ಕೈ ಹಿಡಿದು, 'ಅಮ್ಮಾ, ಏನಾಯಿತು, ಎಲ್ಲವನ್ನೂ ಹೇಳಿ, ಮನಸ್ಸು ಹಗುರ ಆಗುತ್ತದೆ' ಎಂದು ಕೇಳಿದೆವು. ಪುಸ್ತಕದಲ್ಲಿ ಹಾಗೇ ಓದಿದ್ದೆವು. ಆಕೆ ನಮ್ಮನ್ನು ನೋಡಿ, "ಮುಂಜಾನಿಂದ ನಾಕ್ ಸಲ ಹೇಳೀನ್ರಿ ಸ್ವಾಮ್ಯಾರ. ಹೇಳಿದಾಗೆಲ್ಲಾ ಮತ್ತ ನೀರು ಬರ್ತದ" ಎಂದರು. ನಾವು ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆಗಲಿಲ್ಲ, ಮತ್ತೆ ಕೇಳಿದೆವು. ಹಗೇವಿನ ಜೋಳ ಹೋಯಿತು, ಗೋಡೆ ಹೋಯಿತು, ಎರಡು ಎಮ್ಮೆ ಹೋದವು. ರಾತ್ರಿ ನೀರು ನುಗ್ಗಿದಾಗ ಆಕೆ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಿದ್ದರು, ಎಮ್ಮೆಗಳ ಹಗ್ಗ ಬಿಚ್ಚಿರಲಿಲ್ಲ. ಕಟ್ಟಿದ ಗೂಟದಲ್ಲೇ ಅವು ಮುಳುಗಿದವು. "ಹಗ್ಗ ಬಿಚ್ಚಲಿಲ್ರೀ ನಾನು" ಎಂದು ಆಕೆ ಮತ್ತೆ ಮತ್ತೆ ಹೇಳಿದರು.

ಅದಕ್ಕೆ ನಾವು ಕೊಟ್ಟ ಉತ್ತರ ಇಂದಿಗೂ ನಮ್ಮನ್ನು ಚುಚ್ಚುತ್ತದೆ. 'ಹೋಗಲಿ ಬಿಡಿ ಅಮ್ಮಾ, ಎಮ್ಮೆ ತಾನೇ. ದೇವರು ನಿಮ್ಮ ಪ್ರಾಣ ಉಳಿಸಿದನಲ್ಲ, ಅದಕ್ಕೆ ಕೃತಜ್ಞರಾಗಿರಿ.' ಆಕೆ ಸೆರಗು ಎಳೆದುಕೊಂಡು ಆ ಕಡೆ ತಿರುಗಿದರು. ಹೊರಡುವಾಗ ನಾವು, 'ಮುಂದಿನ ಐತವಾರ ಬರುತ್ತೇವೆ' ಎಂದೆವು. ಆ ಭಾನುವಾರ ಧರ್ಮಕೇಂದ್ರದಲ್ಲಿ ಏನೋ ಕಾರ್ಯಕ್ರಮ, ಹೋಗಲಾಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ. ಮೂರು ವಾರದ ನಂತರ ಹೋದಾಗ ಗಂಜಿ ಕೇಂದ್ರ ಮುಚ್ಚಿ ಶಾಲೆ ಪ್ರಾರಂಭವಾಗಿತ್ತು. ಆ ಜನ ಎಲ್ಲಿಗೆ ಹೋದರೆಂದು ಹೇಳುವವರು ಸಿಗಲಿಲ್ಲ.

ಅಲ್ಲಿ ನಾವು ಎಷ್ಟು ತಪ್ಪು ಮಾಡಿದೆವೆಂದು ನಂತರ ಬಲ್ಲವರಿಂದ ಕಲಿತೆವು. ಆ ತಾಯಿ ಎಮ್ಮೆಯ ಬೆಲೆಗಾಗಿ ಅಳುತ್ತಿರಲಿಲ್ಲ. ತನ್ನನ್ನು ನಂಬಿ ಗೂಟದಲ್ಲಿ ನಿಂತಿದ್ದ ಜೀವಕ್ಕೆ ತಾನು ದ್ರೋಹ ಬಗೆದೆನೆಂಬ ಅಪರಾಧಪ್ರಜ್ಞೆ ಆಕೆಯನ್ನು ಕಾಡುತ್ತಿತ್ತು. ಉಳಿದವರನ್ನು ಕಾಡುವ ಈ ಭಾವನೆ ಎಲ್ಲ ವಿಪತ್ತುಗಳಲ್ಲೂ ಇರುತ್ತದೆ. ಅದನ್ನು 'ಹೋಗಲಿ ಬಿಡಿ' ಎಂದು ಒರೆಸಿ ಹಾಕಲಾಗದು. 'ಆ ಗಳಿಗೆಯಲ್ಲಿ ಎರಡು ಮಕ್ಕಳನ್ನು ಎತ್ತಿಕೊಂಡಿದ್ದ ಕೈಗೆ ಹಗ್ಗ ಬಿಚ್ಚಲು ಹೇಗೆ ಸಾಧ್ಯವಿತ್ತು?' ಎಂದು ಆಕೆಯೇ ಕಾಣುವವರೆಗೆ ಯಾರಾದರೂ ಹತ್ತಿರ ಕುಳಿತಿರಬೇಕಿತ್ತು. ಯೋಬನ ಗೆಳೆಯರನ್ನು ನೆನೆಯಿರಿ. ಏಳು ಹಗಲು ಏಳು ರಾತ್ರಿ ಅವರು ಬಾಯಿ ತೆರೆಯದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅಷ್ಟೂ ದಿನ ಒಳ್ಳೆಯ ಸ್ನೇಹಿತರಾಗಿದ್ದರು. ಕೆಟ್ಟದ್ದು ಅವರು ದೇವರ ಪರವಾಗಿ ವಿವರಣೆ ಕೊಡಲು ಪ್ರಾರಂಭಿಸಿದ ಮೇಲೆ.

ಬಳ್ಳಾರಿಯಿಂದ ಎರಸಮಾವರೆಗೆ

ಈ ಕೆಲಸಕ್ಕೆ ವೈದ್ಯರೇ ಬೇಕಲ್ಲವೇ, ಹಳ್ಳಿಯ ಯುವಕ ಯುವತಿಯರಿಂದ ಏನಾದೀತು ಎಂದು ಕೆಲವರು ಕೇಳುತ್ತಾರೆ. ಒಂದು ತಾಲ್ಲೂಕಿಗೆ ಒಬ್ಬ ಮನೋವೈದ್ಯನೂ ಇಲ್ಲದ ದೇಶ ನಮ್ಮದು. ಆದ್ದರಿಂದಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟಿತು. ಅದೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ವಿಪತ್ತಿನ ಸಂದರ್ಭಕ್ಕೂ ಇದೇ ದಾರಿಯನ್ನು ಹಿಡಿಯಲಾಯಿತು. 1999ರ ಅಕ್ಟೋಬರ್ 29ರಂದು ಒರಿಸ್ಸಾ ಕರಾವಳಿಗೆ ಮಹಾ ಚಂಡಮಾರುತ ಅಪ್ಪಳಿಸಿ ಹತ್ತು ಸಾವಿರದಷ್ಟು ಜನ ಸತ್ತಾಗ, ಎರಸಮಾ ಪ್ರದೇಶದಲ್ಲಿ ಆಕ್ಷನ್‌ಏಡ್ ಸಂಸ್ಥೆ ಸ್ಥಳೀಯ ಯುವಜನರನ್ನೇ 'ಸ್ನೇಹ ಕರ್ಮಿ'ಗಳೆಂದು ಆರಿಸಿತು. ತರಬೇತಿಗೆ ನಿಮ್ಹಾನ್ಸ್‌ನ ತಜ್ಞರು ನೆರವಾದರು. ವಿಧವೆಯರು, ಅನಾಥ ಮಕ್ಕಳು, ಒಂಟಿಯಾದ ಮುದುಕರು, ಇವರ ಮನೆಗಳಿಗೆ ಮತ್ತೆ ಮತ್ತೆ ಹೋಗುವುದು, ಕೂರುವುದು, ಕೇಳುವುದು, ಪಿಂಚಣಿಯ ಕಾಗದ ಬರೆದುಕೊಡುವುದು, ಮಕ್ಕಳನ್ನು ಆಡಿಸುವುದು ಅವರ ಕೆಲಸ. 2001ರ ಕಛ್ ಭೂಕಂಪ, 2004ರ ಸುನಾಮಿ, ಎಲ್ಲೆಡೆ ಈ ಪದ್ಧತಿ ಬೆಳೆಯುತ್ತಾ ಹೋಯಿತು. 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರ ಸಂಸ್ಥೆಗಳು ಸೇರಿ 'ಮಾನಸಿಕ ಪ್ರಥಮ ಚಿಕಿತ್ಸೆ' ಎಂಬ ಕೈಪಿಡಿಯನ್ನು ತಂದವು. ಅದರ ಸಾರ ಮೂರು ಮಾತು: ನೋಡು, ಆಲಿಸು, ಜೋಡಿಸು. ಮೊದಲು ಸುತ್ತ ನೋಡಬೇಕು: ಅಪಾಯವಿದೆಯೇ, ಯಾರಿಗೆ ತುರ್ತು ಅಗತ್ಯವಿದೆ, ಯಾರು ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದಾರೆ. ಆಮೇಲೆ ಹತ್ತಿರ ಹೋಗಿ, ಏನು ಬೇಕೆಂದು ಕೇಳಿ, ಅವರು ಹೇಳಿದಷ್ಟನ್ನೇ ಆಲಿಸಬೇಕು. ಕಡೆಗೆ ಅವರನ್ನು ಅವರ ಬಂಧುಗಳೊಡನೆ, ನೀರು ಊಟ ಕಾಗದಪತ್ರ ಸಿಗುವ ಕಡೆಯೊಡನೆ, ಅಗತ್ಯವಿದ್ದರೆ ವೈದ್ಯರೊಡನೆ ಜೋಡಿಸಬೇಕು. ಒಂದು ಕಾಲದಲ್ಲಿ ವಿಪತ್ತಿನಲ್ಲಿ ಉಳಿದವರನ್ನೆಲ್ಲ ಒಟ್ಟಿಗೆ ಕೂರಿಸಿ, ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಬಾರಿಗೆ ಹೇಳಿಸುವ ಪದ್ಧತಿ ಜಗತ್ತಿನಲ್ಲಿ ಬಹಳ ಪ್ರಚಾರದಲ್ಲಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಕಂಡುಬಂದು, ಈಗ ಅದನ್ನು ಮಾಡಬಾರದೆಂದೇ ಹೇಳುತ್ತಾರೆ. ಭೀಮಾ ತೀರದ ಆ ತಾಯಿ ಒಂದೇ ವಾಕ್ಯದಲ್ಲಿ ಹೇಳಿದ್ದೂ ಅದನ್ನೇ!

ಎಮ್ಮಾವುಸಿನ ದಾರಿಯಲ್ಲಿ ಪುನರುತ್ಥಾನಿ ಯೇಸು ಆ ಇಬ್ಬರು ಶಿಷ್ಯರನ್ನು ಏನಾಯಿತೆಂದು ಕೇಳಿದರಲ್ಲ, ಅದು ಸರಿಯೇ ಎಂದು ಒಬ್ಬ ಯುವಕ ನಮ್ಮನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಗಮನಿಸಿ: ಆ ಶಿಷ್ಯರು ಆಗಲೇ ಅದನ್ನು ಮಾತನಾಡಿಕೊಳ್ಳುತ್ತಿದ್ದರು. ಮಾತನಾಡಲು ಬಯಸಿದವರನ್ನು ತಡೆಯಬಾರದು, ಬಯಸದವರನ್ನು ಎಳೆಯಬಾರದು. ಸುಮ್ಮನೆ ಹಗ್ಗ ಹೊಸೆಯುತ್ತಾ, ಕಾಳು ಹಸನು ಮಾಡುತ್ತಾ ಜೊತೆಗೆ ಕುಳಿತರೂ ಸಾಕು. ಕೆಲವು ಸಲ ಮಾತು ಮೂರನೆಯ ದಿನ ಬರುತ್ತದೆ.

ನೊಂದವರೇ ನೆರವಾದಾಗ

ಕಿಲ್ಲಾರಿಯ ಪುನರ್ವಸತಿಯಲ್ಲಿ ತಪ್ಪುಗಳೂ ಆದವು. ಹೊಸ ಊರುಗಳನ್ನು ಅಗಲವಾದ ರಸ್ತೆಗಳ, ಚೌಕುಳಿ ಸಾಲುಗಳ ನಕ್ಷೆಯಂತೆ ಕಟ್ಟಲಾಯಿತು. ಜಮೀನಿನ ಅಳತೆ ನೋಡಿ 250, 400, 750 ಚದರಡಿಯ ಮನೆಗಳನ್ನು ಹಂಚಲಾಯಿತು. ಗೋಡೆಗೆ ಗೋಡೆ ಹಚ್ಚಿ ಬದುಕಿದ್ದ ನೆರೆಹೊರೆ ಚದುರಿಹೋಯಿತು. ಹಿಂದಿನ ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತರೆ ಮಾತಿಗೆ ಯಾರಾದರೂ ಸಿಗುತ್ತಿದ್ದರು, ಹೊಸ ಊರಿನಲ್ಲಿ ಕಟ್ಟೆಯೇ ಇಲ್ಲ. ಮನೆ ಕೊಟ್ಟರೆ ಸಾಲದೇ ಎಂದು ಕೇಳುವವರಿಗೆ ಇದು ಅರ್ಥವಾಗುವುದು ಕಷ್ಟ. ಆದರೆ ಮನಸ್ಸನ್ನು ಹಿಡಿದು ನಿಲ್ಲಿಸುವುದು ಗೋಡೆಗಿಂತ ಹೆಚ್ಚಾಗಿ ಗೋಡೆಯಾಚೆಯ ದನಿ. 2009ರ ನಂತರ ನಮ್ಮ ರಾಜ್ಯದಲ್ಲಿ 'ಆಸರೆ' ಯೋಜನೆಯ ಮನೆಗಳನ್ನು ಕಟ್ಟಿದಾಗಲೂ ಕೆಲವು ಕಡೆ ಜನ ಹೊಸ ಮನೆ ಬಿಟ್ಟು ಹಳೆಯ ಊರಿಗೇ ಮರಳಿದರು. ಹಾಗೆಯೇ, ಕಿಲ್ಲಾರಿ ಪ್ರದೇಶದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥಾ ಅವರು ಪುಣೆಗೆ ಕರೆದೊಯ್ದು ಓದಿಸಿದರು. ಅದು ದೊಡ್ಡ ಸೇವೆ. ಆದರೂ ಮಗುವನ್ನು ಆದಷ್ಟು ಅದರ ಬಂಧುಗಳ ನಡುವೆ, ಅದರ ಭಾಷೆಯ ನಡುವೆ ಇರಿಸಿ ಬೆಳೆಸುವುದೇ ಮೇಲು ಎಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ನಮಗೂ ಹಾಗೇ ಅನ್ನಿಸುತ್ತದೆ.

ಅದೇ ಪುನರ್ವಸತಿಯಲ್ಲಿ ಒಂದು ಬಹಳ ಒಳ್ಳೆಯ ಕೆಲಸವೂ ಆಯಿತು. ಬಿರುಕುಬಿಟ್ಟ ಮನೆಗಳನ್ನು ಗಟ್ಟಿಗೊಳಿಸುವ ಯೋಜನೆಯನ್ನು ಹಳ್ಳಿಗಳಿಗೆ ಮುಟ್ಟಿಸಲು ಸರ್ಕಾರ ಮತ್ತು ಪ್ರೇಮಾ ಗೋಪಾಲನ್ ಕಟ್ಟಿದ 'ಸ್ವಯಂ ಶಿಕ್ಷಣ ಪ್ರಯೋಗ್' ಸಂಸ್ಥೆ ಆಯಾ ಹಳ್ಳಿಯ ಹೆಂಗಸರನ್ನೇ 'ಸಂವಾದ ಸಹಾಯಕ'ರನ್ನಾಗಿ ಮಾಡಿದವು. ಅಲ್ಲಿಯವರೆಗೆ ಹೊರಗಿನ ಗಂಡಸರ ಎದುರು ಮಾತೇ ಆಡದಿದ್ದವರು ಮನೆಮನೆಗೆ ಹೋಗಿ, ಅಂಜಿದವರಿಗೆ ತಿಳಿಹೇಳಿ, ಇಂಜಿನಿಯರರನ್ನು ಪ್ರಶ್ನಿಸಿ, ಸಿಮೆಂಟಿನ ಲೆಕ್ಕ ಇಟ್ಟರು. ಹೆಸರಿಗೆ ಅದು ಮನೆ ಕಟ್ಟುವ ಕೆಲಸ. ಆದರೆ ಮನೆಯೊಳಗೆ ಹೋಗಲು ಹೆದರುವವಳಿಗೆ 'ಈ ಗೋಡೆ ಏಕೆ ಬೀಳುವುದಿಲ್ಲ' ಎಂದು ಅವಳ ಹಾಗೆಯೇ ಹೆದರಿದ್ದ ಇನ್ನೊಬ್ಬಳು ಬಂದು ತೋರಿಸುವುದಕ್ಕಿಂತ ಒಳ್ಳೆಯ ಚಿಕಿತ್ಸೆ ಯಾವುದಿದೆ? 2001ರಲ್ಲಿ ಕಛ್ ಪ್ರದೇಶ ನೆಲಸಮವಾದಾಗ ಲಾತೂರು, ಉಸ್ಮಾನಾಬಾದ್ ಕಡೆಯ ಈ ಹೆಂಗಸರು ಅಲ್ಲಿಗೆ ಹೋದರು. ಸುನಾಮಿಯ ನಂತರ ತಮಿಳುನಾಡಿಗೂ ಹೋದರು. ಭಾಷೆ ಬಾರದು. ಆದರೆ 'ನಮ್ಮದೂ ಬಿದ್ದಿತ್ತು, ನಾವು ಎದ್ದಿದ್ದೇವೆ' ಎಂದು ಹೇಳುವ ಹಕ್ಕು ಅವರಿಗಿತ್ತು. ನಮ್ಮಂತಹ ಗುರುಗಳಿಗೆ ಆ ಹಕ್ಕಿಲ್ಲ, ನಾವು ಅದನ್ನು ಎರವಲು ಪಡೆಯಲೂ ಬಾರದು.

'ಏನೂ ಆಗುವುದಿಲ್ಲ' ಎಂದು ಹೇಳಬೇಡಿ

2021ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಭಾರಿ ಸದ್ದು, ಮತ್ತೆ ಮತ್ತೆ ಕಂಪನ. 11ರ ರಾತ್ರಿ 4.1 ಪ್ರಮಾಣದ ಕಂಪನವಾಯಿತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಅನೇಕರು ಗಂಟುಮೂಟೆ ಕಟ್ಟಿ ನೆಂಟರ ಊರಿಗೆ ಹೊರಟರು. ವಿಜ್ಞಾನಿಗಳು ಬಂದು ಪರಿಶೀಲಿಸಿದರು, ಮಳೆಗಾಲದ ನಂತರ ನೆಲದೊಳಗೆ ಇಳಿದ ನೀರಿನ ಒತ್ತಡದಿಂದ ಹೀಗಾಗಬಹುದೆಂದು ವಿವರಿಸಿದರು. ದೊಡ್ಡ ಅನಾಹುತ ಆಗಲಿಲ್ಲ. ಆದರೆ ಹಳ್ಳಿಗೆ ಹೋಗಿ 'ಹೆದರಬೇಡಿ, ಏನೂ ಆಗುವುದಿಲ್ಲ' ಎಂದು ಧೈರ್ಯ ಹೇಳಿದವರನ್ನು ಜನ ನಂಬಲಿಲ್ಲ.

ಏಕೆ ನಂಬಬೇಕು? ಕಿಲ್ಲಾರಿಯ ಸುತ್ತ 1992ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇಂತಹದೇ ಸಣ್ಣ ಕಂಪನಗಳ ಸರಣಿ ಬಂದಿತ್ತು. ಜನ ಹೆದರಿದ್ದರು. ಆಮೇಲೆ ಅದು ನಿಂತಿತು, ಎಲ್ಲರೂ ತಮ್ಮ ತಮ್ಮ ಮಾಳಿಗೆಯ ಕೆಳಗೆ ಮಲಗಿದರು. ಮರುವರ್ಷ ಏನಾಯಿತೆಂದು ನಮ್ಮ ಭಾಗದ ಪ್ರತಿ ಮುದುಕಿಗೂ ಗೊತ್ತಿದೆ. ಗಡಿಕೇಶ್ವಾರದ ಭಯದ ಬೇರು ಕಿಲ್ಲಾರಿಯಲ್ಲಿತ್ತು.

ಹಾಗಾದರೆ ಏನು ಹೇಳಬೇಕು? ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಬೇಕು. ಭೂಕಂಪ ಬರುವ ದಿನವನ್ನು ಯಾವ ವಿಜ್ಞಾನಿಯೂ ಮುಂಚಿತವಾಗಿ ಹೇಳಲಾರ, ಹೇಳುವೆನೆಂದು ಮೊಬೈಲಿನಲ್ಲಿ ಸುದ್ದಿ ಹಬ್ಬಿಸುವವನನ್ನು ನಂಬಬಾರದು. ಗೊತ್ತಿರುವುದನ್ನು ಮಾಡಿ ತೋರಿಸಬೇಕು: ಯಾವ ಗೋಡೆ ಅಪಾಯದ್ದು, ಮಲಗುವ ಜಾಗ ಬಾಗಿಲಿಗೆ ಎಷ್ಟು ಹತ್ತಿರ ಇರಬೇಕು, ತಲೆಯ ಮೇಲಿನ ಅಟ್ಟದಲ್ಲಿಟ್ಟ ಕಲ್ಲು, ಹಂಡೆ ಕೆಳಗಿಳಿಸುವುದು, ಕತ್ತಲಲ್ಲಿ ಅಜ್ಜನನ್ನು ಯಾರು ಎತ್ತಿಕೊಳ್ಳಬೇಕೆಂದು ಮೊದಲೇ ಗೊತ್ತುಮಾಡುವುದು. ಕೈಗೆ ಕೆಲಸ ಸಿಕ್ಕಾಗ ಭಯ ತಗ್ಗುತ್ತದೆ. ಕಡೆಗೆ ನಾವು ಕೊಡುವ ಮಾತು ಚಿಕ್ಕದಾಗಿರಬೇಕು, ನಮ್ಮ ಕೈಯಲ್ಲಿರುವಂಥದ್ದಾಗಿರಬೇಕು. 'ಎಲ್ಲ ಸರಿಹೋಗುತ್ತದೆ' ಎಂಬುದು ನಮ್ಮ ಕೈಯಲ್ಲಿಲ್ಲ. 'ಗುರುವಾರ ಹತ್ತು ಗಂಟೆಗೆ ಬರುತ್ತೇವೆ' ಎಂಬುದು ನಮ್ಮ ಕೈಯಲ್ಲಿದೆ. ನೆಲವೇ ಮಾತಿಗೆ ತಪ್ಪಿದ ಮೇಲೆ ಮಾತಿಗೆ ತಪ್ಪದ ಒಂದಾದರೂ ಸಂಗತಿ ಮನುಷ್ಯನಿಗೆ ಬೇಕು. ಗುರುವಾರ ಹತ್ತು ಗಂಟೆಗೆ ಹೋಗದಿದ್ದರೆ ನಾವು ಇನ್ನೊಂದು ಸಣ್ಣ ಭೂಕಂಪವನ್ನು ತಂದ ಹಾಗೆ.

ಎಲ್ಲವೂ ಸ್ವಯಂಸೇವಕರಿಂದ ಆಗುವುದಿಲ್ಲ. ತಿಂಗಳು ಕಳೆದರೂ ನಿದ್ದೆ ಇಲ್ಲ, ಮಗುವಿಗೆ ಹಾಲೂಡಿಸುವ, ಒಲೆ ಹಚ್ಚುವ ಶಕ್ತಿಯೂ ಇಲ್ಲ, ಕುಡಿತ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ, 'ನಾನೂ ಅವರ ಹಿಂದೆಯೇ ಹೋಗಬೇಕಿತ್ತು' ಎಂಬ ಮಾತು ಬರುತ್ತಿದೆ ಎಂದರೆ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಸಾಯುವ ಮಾತು ಬಂದರೆ ಅದೇ ದಿನ, ಒಬ್ಬರನ್ನೇ ಬಿಡಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಬೀದರಿನಲ್ಲೂ ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. 'ಹೋಗಿ ತೋರಿಸಿಕೊಳ್ಳಿ' ಎಂದು ಚೀಟಿ ಬರೆದುಕೊಟ್ಟರೆ ಯಾರೂ ಹೋಗುವುದಿಲ್ಲ, ಬಸ್ಸಿನಲ್ಲಿ ಜೊತೆಗೆ ಕೂರಬೇಕು. ಕೇಳಿ ಕೇಳಿ ಸ್ವಯಂಸೇವಕನ ಮನಸ್ಸೂ ಭಾರವಾಗುತ್ತದೆ, ಅವನಿಗೂ ರಾತ್ರಿ ಕನಸು ಬೀಳುತ್ತದೆ. ಆದ್ದರಿಂದ ಇಬ್ಬಿಬ್ಬರಾಗಿ ಹೋಗಬೇಕು, ಸಂಜೆ ಒಟ್ಟಿಗೆ ಕೂತು ಊಟ ಮಾಡಬೇಕು, ವಾರಕ್ಕೊಂದು ದಿನ ಹೋಗಲೇಬಾರದು. ಆ ದಿನ ಬೇರೆ ಇಬ್ಬರು ಹೋಗಲಿ.

ತೊಬೀತನ ಗ್ರಂಥದಲ್ಲಿ ರಫಾಯೇಲ ತನ್ನ ಹೆಸರನ್ನೇ ಹೇಳಿಕೊಳ್ಳದೆ ಬರುತ್ತಾನೆ. ಕಣ್ಣು ಕಳೆದುಕೊಂಡು ಸಾವನ್ನೇ ಬೇಡುತ್ತಿದ್ದ ಒಬ್ಬ ತಂದೆಯ ಮಗನಿಗೆ ದಾರಿಯ ಜೊತೆಗಾರನಾಗುತ್ತಾನೆ. ದಿನಗೂಲಿಯ ಮಾತೂ ಆಗುತ್ತದೆ! ದಾರಿಯಲ್ಲಿ ದೊಡ್ಡ ಪ್ರಬೋಧನೆ ಮಾಡುವುದಿಲ್ಲ. ಮೀನನ್ನು ಹೇಗೆ ಹಿಡಿಯಬೇಕು, ಅದರ ಪಿತ್ತವನ್ನು ಏಕೆ ತೆಗೆದಿಡಬೇಕು ಎಂದು ಹೇಳಿಕೊಡುತ್ತಾನೆ. ನಾಯಿಯೊಂದು ಹಿಂದೆ ಹಿಂದೆ ಬರುತ್ತದೆ. ಆಮೇಲೆ, ಮಗ ಹಿಂದಿರುಗಲಿಲ್ಲವೆಂದು ತಾಯಿ ದಾರಿ ನೋಡುತ್ತಾ ಅಳುತ್ತಿರುವಾಗ, ಆ ಹುಡುಗನನ್ನು ಕರೆದುಕೊಂಡು ಮನೆಗೆ ಮರಳುತ್ತಾನೆ. ನಮಗೆ ಆ ಕಥೆಯಲ್ಲಿ ಅತಿ ಪ್ರಿಯವಾದ ಭಾಗ ಅದು. ಹೇಳಿದ ಹಾಗೆ ಅವನು ಮರಳಿ ಬಂದ.

ಈಗ ನಮ್ಮ ಯುವಕರ ಬಳಿ ಒಂದು ನೋಟ್‌ಪುಸ್ತಕ ಇದೆ. 2020ರ ಅಕ್ಟೋಬರಿನ ಮಳೆಯಲ್ಲಿ ನಮ್ಮ ಸುತ್ತಮುತ್ತ ಮನೆ, ಬೆಳೆ ಕಳೆದುಕೊಂಡವರನ್ನು ನೋಡಲು ಹೋಗುವಾಗ ಅದನ್ನು ಪ್ರಾರಂಭಿಸಿದೆವು. ಎಡಗಡೆ ಮನೆಯ ಗುರುತು, ಬಲಗಡೆ 'ಬರುತ್ತೇವೆ ಎಂದ ದಿನ', ಅದರ ಮುಂದೆ 'ಹೋದ ದಿನ'. ಜನ ಹೇಳಿಕೊಂಡ ನೋವನ್ನು ಅದರಲ್ಲಿ ಬರೆಯುವುದಿಲ್ಲ, ಅದು ಅವರದು. ಈ ವರ್ಷ ಮಹಾದೂತರ ಹಬ್ಬದ ಬಲಿಪೂಜೆಯ ನಂತರ ಹೊಸದಾಗಿ ಸೇರುವವರಿಗೆ ಧರ್ಮಕೇಂದ್ರದ ಸಭಾಂಗಣದಲ್ಲಿ ಅರ್ಧ ದಿನದ ತರಬೇತಿ ಇಟ್ಟುಕೊಂಡಿದ್ದೇವೆ. ಯಾವ ಧರ್ಮದವರಾದರೂ ಬರಬಹುದು. ಮರಾಠಿ, ದಖನಿ ಬಲ್ಲ ಹೆಂಗಸರು ವಿಶೇಷವಾಗಿ ಬೇಕಾಗಿದ್ದಾರೆ. ಮಧ್ಯಾಹ್ನದ ಊಟ ಅಲ್ಲೇ.